ಗೀರು ಬಿದ್ದ ಬೂಟ್ ಸಿಡಿಯನ್ನು ನಾನು ಕಾಪಿ ಮಾಡಿದ್ದು ಹೀಗೆ

'ಈ ಸಿಡಿ ಕಾಪಿ ಆಗಲ್ಲ, ಪ್ರೊಟೆಕ್ಷನ್ ಹಾಕಿದ್ದಾರೆ' ಅಂತ ಹೇಳಿದವರು ಒಬ್ಬಿಬ್ಬರಲ್ಲ. ಆಯ್ತು. ಕಾಪಿ ಆಯ್ತು, ಮೆಷಿನ್ ಓಡ್ತಾ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನ ಮಿಲ್ಲಿಂಗ್ ಮೆಷಿನ್. ಪಕ್ಕದಲ್ಲಿ ಅದನ್ನು ನಡೆಸುವ, ಡಾಸ್ (ಹಳೇ ಕಾಲದ ಆಪರೇಟಿಂಗ್ ಸಿಸ್ಟಂ) ಮೇಲೆ ಓಡುವ ಹಳೇ ಪಿಸಿ. ಅದರ ಹಾರ್ಡ್ ಡಿಸ್ಕ್ ಕೈಕೊಟ್ಟಿತ್ತು. ಸಿಡಿಯಿಂದ ಬೂಟ್ ಮಾಡಿ, ಅಂದರೆ ಪಿಸಿಯನ್ನು ಸಿಡಿಯಿಂದಲೇ ಶುರು ಮಾಡಿ, ಎಲ್ಲಾ ಮತ್ತೆ ಹಾಕಬೇಕು, ಆದರೆ ಸಿಡಿ ತುಂಬಾ ಗೀರು. ಮೆಷಿನ್ ಮಾರಿದವರನ್ನು ಕೇಳಿದರೆ ಹೊಸ ಸಿಡಿ, ಎಂಜಿನಿಯರ್ ವಿಸಿಟ್ ಎಲ್ಲಾ ಸೇರಿ 35 ಸಾವಿರದ ಹತ್ತಿರ ಹೇಳಿದರಂತೆ. ಅದೂ ಬರೋದು ತಿಂಗಳಾದ ಮೇಲೆ. ನಾನು ಒಪ್ಪಿಕೊಂಡಿದ್ದು 4 ಸಾವಿರಕ್ಕೆ, ಕೆಲಸ ಆದರೆ ಮಾತ್ರ.

'ಕಾಪಿ ಮಾಡಿದರೆ ಕೇಸ್ ಗೀಸ್ ಆಗಲ್ವಾ ಸಾರ್?' ಅಂತ ಓನರ್ ಕೇಳಿದರು. ದುಡ್ಡು ಕೊಟ್ಟು ತಗೊಂಡ ಸಾಫ್ಟ್‌ವೇರಿಗೆ ಬ್ಯಾಕಪ್ ಇಟ್ಟುಕೊಳ್ಳಲು 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ನಿನಲ್ಲೇ ಅವಕಾಶ ಇದೆ. ಅದನ್ನು ಹೇಳಿದ ಮೇಲೆ ಅವರಿಗೆ ಸಮಾಧಾನ ಆಯಿತು.

ನನ್ನ ಹತ್ತಿರ ಬರುವ ಮೊದಲೇ ಸಿಡಿ ಬೇರೆಯವರ ಕೈಗೆ ಹೋಗಿ ಬಂದಿತ್ತು. ಒಬ್ಬರು ಫೈಲುಗಳನ್ನೆಲ್ಲ ಎಳೆದು ಹೊಸ ಸಿಡಿಗೆ ಬರ್ನ್ ಮಾಡಿದ್ದರು. ಅದು ಬೂಟ್ ಆಗಲಿಲ್ಲ, ಆಗೋದೂ ಇಲ್ಲ. ಬೂಟ್ ಮಾಹಿತಿ ಇರುವುದು 17ನೇ ಸೆಕ್ಟರಿನಲ್ಲಿ (ಡೇಟಾ ಸಿಡಿಯಲ್ಲಿ ಸೆಕ್ಟರ್ ಅಂದರೆ 2048 ಬೈಟಿನ ಒಂದು ತುಂಡು), ಫೋಲ್ಡರಿನಲ್ಲಿ ಅಲ್ಲ. ಇನ್ನೊಬ್ಬರು ಡಿಡಿ ಓಡಿಸಿದ್ದರು, ಅದು ಇಡೀ ಡಿಸ್ಕನ್ನು ಇದ್ದ ಹಾಗೇ ಒಂದು ಫೈಲಿಗೆ (ಇಮೇಜ್) ಇಳಿಸುವ ಲಿನಕ್ಸ್ ಕಮಾಂಡ್. ನಡುವೆ ಎರರ್ ಬಂತು ಅಂತ 'ನೋಎರರ್' (ಎರರ್ ಬಂದರೂ ನಿಲ್ಲಬೇಡ) ಹಾಕಿದರು, ಜೊತೆಗೆ 'ಸಿಂಕ್' (ಓದಲಾಗದ ಜಾಗಕ್ಕೆ ಸೊನ್ನೆ ತುಂಬು) ಹಾಕಲಿಲ್ಲ. ಆಗ ಓದಲಾಗದ ಜಾಗ ಬಿಟ್ಟುಹೋಗಿ ಅದರ ಆಚೆಗಿನದೆಲ್ಲ ಈಚೆಗೆ ಸರಿಯುತ್ತದೆ. ಇಮೇಜ್ ಬೂಟ್ ಆಯಿತು, ಇನ್‌ಸ್ಟಾಲ್ ಅರ್ಧದಲ್ಲಿ ನಿಂತಿತು. ಎರಡನ್ನೂ ಹಾಕಿ ಬ್ಲಾಕ್ ಸೈಜ್ (ಒಮ್ಮೆಗೆ ಓದುವ ಅಳತೆ) 64ಕೆ ಇಟ್ಟರೂ ಕಷ್ಟವೇ, ಒಂದು ಕೆಟ್ಟ ಸೆಕ್ಟರಿಗೆ 32 ಸೆಕ್ಟರ್ ಹೋಗುತ್ತವೆ. ಸಿಡಿಗೆ 2048 ಬಿಟ್ಟು ಬೇರೆ ಸಂಖ್ಯೆ ಇಡಬೇಡಿ.

ಈ ಪ್ರೊಟೆಕ್ಷನ್ ಮಾತು ಎಲ್ಲಿಂದ ಬಂತು ಗೊತ್ತಾ? ಯಾವ ಡ್ರೈವಿಗೆ ಹಾಕಿದರೂ ಕೊನೆಯ ಎರಡು ಸೆಕ್ಟರಿನಲ್ಲಿ ಎರರ್ ಬರುತ್ತಿತ್ತು. ಆ ಸಿಡಿ ಫ್ಯಾಕ್ಟರಿಯಲ್ಲಿ ಅಚ್ಚು ಹಾಕಿದ್ದಲ್ಲ, ಮಾಮೂಲಿ ಸಿಡಿ-ಆರ್ ಮೇಲೆ ಲೇಬಲ್ ಅಂಟಿಸಿದ್ದು. ಟ್ರ್ಯಾಕ್-ಅಟ್-ಒನ್ಸ್ ರೀತಿಯಲ್ಲಿ ಬರ್ನ್ ಮಾಡಿದರೆ ಕೊನೆಯಲ್ಲಿ ಎರಡು ರನ್-ಔಟ್ ಬ್ಲಾಕ್ ಉಳಿಯುತ್ತವೆ. ಅವುಗಳಲ್ಲಿ ಡೇಟಾ ಇಲ್ಲ, ಓದಲೂ ಬರುವುದಿಲ್ಲ. ಡ್ರೈವ್ ಮಾತ್ರ ಅವನ್ನೂ ಲೆಕ್ಕಕ್ಕೆ ಸೇರಿಸಿ ಸೈಜ್ ಹೇಳುತ್ತದೆ. ಸಿಡಿಯ ವಿವರ ಹೇಳುವ ಐಎಸ್ಒಇನ್ಫೋ ಕಮಾಂಡಿಗೆ ಮೈನಸ್ ಡಿ ಕೊಟ್ಟು ವಾಲ್ಯೂಮ್ ಸೈಜ್, ಅಂದರೆ ಡೇಟಾ ಎಷ್ಟು ಸೆಕ್ಟರ್ ಇದೆ ಅಂತ, ನೋಡಿದೆ. 2 ಲಕ್ಷ 10 ಸಾವಿರದ ಆಸುಪಾಸು, ಅಂದರೆ 400 ಎಂಬಿ ಚಿಲ್ಲರೆ. ಡ್ರೈವ್ ಹೇಳಿದ್ದಕ್ಕಿಂತ ಸರಿಯಾಗಿ ಎರಡು ಕಮ್ಮಿ. ಅಷ್ಟೇ ಕಣ್ರೀ ಪ್ರೊಟೆಕ್ಷನ್!

ಇನ್ನು ಗೀರಿನ ವಿಷಯ. ಹೊಳೆಯುವ ಕಡೆ ಗೀರಿದ್ದರೆ ಆಸೆ ಇದೆ, ಅಲ್ಲಿ ಪ್ಲಾಸ್ಟಿಕ್ ದಪ್ಪ. ಲೇಬಲ್ ಕಡೆ ಗೀರಿದ್ದರೆ ಕೈಬಿಡಿ. ಡೇಟಾ ಪದರ ಲೇಬಲ್ಲಿಗೆ ಅಂಟಿಕೊಂಡೇ ಇರುತ್ತದೆ, ಕಿತ್ತುಬಂದರೆ ಮುಗೀತು. ಲೈಟಿಗೆ ಹಿಡಿದು ನೋಡಿದೆ. ತೂತಿನಂತೆ ಬೆಳಕು ಬರುವ ಚುಕ್ಕೆ ಎಲ್ಲೂ ಇರಲಿಲ್ಲ. ಪಾಲಿಶ್ ಮಾಡಿದೆ, ನಡುವಿನಿಂದ ಅಂಚಿಗೆ ನೇರವಾಗಿ, ಸುತ್ತ ಉಜ್ಜಬಾರದು. ಯಾವ ಪೇಸ್ಟ್, ಯಾವ ಬಟ್ಟೆ ಅನ್ನೋದು ನನ್ನ ಹೊಟ್ಟೆಪಾಡು, ಅದನ್ನು ಬರೆಯಲ್ಲ.

ಆಮೇಲೆ ಡಿಡಿರೆಸ್ಕ್ಯೂ, ಹಾಳಾದ ಡಿಸ್ಕಿನಿಂದ ಡೇಟಾ ಎತ್ತುವ ಪ್ರೋಗ್ರಾಂ. ಮೊದಲ ಸುತ್ತು ಮೈನಸ್ ಎನ್, ಮೈನಸ್ ಬಿ 2048, ಒಂದು ಮ್ಯಾಪ್ ಫೈಲ್ (ಯಾವ ಜಾಗ ಬಂತು, ಯಾವುದು ಬಾಕಿ ಅನ್ನುವ ಲೆಕ್ಕ). ಕೆಟ್ಟ ಜಾಗದಲ್ಲಿ ಒದ್ದಾಡದೆ ಸುಲಭವಾಗಿ ಬರುವುದನ್ನೆಲ್ಲ ತಗೊಂಡಿತು. ಸುಮಾರು ಒಂದೂವರೆ ಎಂಬಿ ಉಳಿಯಿತು. ಎರಡನೇ ಸುತ್ತಿಗೆ ಡೈರೆಕ್ಟ್ ಮೋಡ್, ಮೂರು ರಿಟ್ರೈ. ರಾತ್ರಿ ಹಾಕಿ ಮಲಗಿದೆ, ಬೆಳಿಗ್ಗೆ 300 ಕೆಬಿ ಹತ್ತಿರ ಬಾಕಿ. ಮೈನಸ್ ಆರ್, ಕ್ಯಾಪಿಟಲ್ ಆರ್, ಹಾಕಿ ಹಿಂದಿನಿಂದ ಓದಿಸಿದರೆ ಇನ್ನೂ ಸ್ವಲ್ಪ ಇಳಿಯಿತು.

ಇಲ್ಲಿ ಜಾಸ್ತಿ ಜನ ಕೈಚೆಲ್ಲುತ್ತಾರೆ. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆ, ಪ್ರತಿ ಲೆನ್ಸೂ ಬೇರೆ. ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಡ್ರೈವ್ ಒಂದನ್ನು ಚೌಕಾಸಿ ಮಾಡಿ ತಂದೆ, 450 ಇರಬೇಕು. ಯುಎಸ್‌ಬಿ ಕೇಸಿಗೆ ಇನ್ನೊಂದು 250. ಅದೇ ಇಮೇಜ್, ಅದೇ ಮ್ಯಾಪ್ ಫೈಲ್, ಡ್ರೈವ್ ಮಾತ್ರ ಬೇರೆ. ಮ್ಯಾಪಿನಲ್ಲಿ ಬಾಕಿ ಇರುವ ಜಾಗವನ್ನಷ್ಟೇ ಅದು ಹುಡುಕಿಕೊಂಡು ಹೋಗುತ್ತದೆ. ಈಜೆಕ್ಟ್ ಕಮಾಂಡಿಗೆ ಮೈನಸ್ ಎಕ್ಸ್ 4 ಕೊಟ್ಟು ವೇಗ ಇಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಉಳಿದದ್ದು 20 ಕೆಬಿ ಒಳಗೆ.

ಆ ಉಳಿದ ಸೆಕ್ಟರುಗಳು ಯಾವ ಫೈಲಿನವು? ಇಮೇಜಿನ ಇನ್ನೊಂದು ಪ್ರತಿ ಮಾಡಿಕೊಂಡೆ. ಡಿಡಿರೆಸ್ಕ್ಯೂದ ಫಿಲ್ ಮೋಡಿನಲ್ಲಿ ಕೆಟ್ಟ ಜಾಗಗಳಿಗೆಲ್ಲ ಒಂದು ಗುರುತಿನ ಪದ ತುಂಬಿಸಿದೆ. ಅದನ್ನು ಸಿಡಿಯಂತೆ ತೆರೆದು (ಮೌಂಟ್ ಮಾಡಿ), ಫೈಲುಗಳಲ್ಲಿ ಆ ಪದವನ್ನು ಗ್ರೆಪ್ ಕಮಾಂಡಿನಿಂದ ಹುಡುಕಿದೆ. ಸಿಕ್ಕಿದ್ದು ಒಂದೇ ಫೈಲ್, ಜರ್ಮನ್ ಭಾಷೆಯ ಕೈಪಿಡಿ. ಪೀಣ್ಯದಲ್ಲಿ ಅದನ್ನು ಓದುವವರು ಯಾರೂ ಇಲ್ಲ. ಅಲ್ಲಿಗೆ ನಿಲ್ಲಿಸಿದೆ.

ಬರ್ನ್ ಮಾಡುವ ಮೊದಲು 17ನೇ ಸೆಕ್ಟರನ್ನು ಬೈಟುಗಳನ್ನು ಹಾಗೇ ತೋರಿಸುವ ಹೆಕ್ಸ್‌ಡಂಪಿಗೆ ಹಾಕಿ ನೋಡಿ. 'ಸಿಡಿ001', ಅದರ ಹಿಂದೆಯೇ 'ಎಲ್ ಟೊರಿಟೊ ಸ್ಪೆಸಿಫಿಕೇಶನ್' ಅಂತ ಅಕ್ಷರಗಳು ಕಾಣಬೇಕು. ಸಿಡಿಯಿಂದ ಬೂಟ್ ಮಾಡಲು 1995ರಲ್ಲಿ ಫೀನಿಕ್ಸ್ ಮತ್ತು ಐಬಿಎಂ ಸೇರಿ ಮಾಡಿದ ಪದ್ಧತಿ ಇದು. ಆ ಸೆಕ್ಟರಿನ 71ನೇ ಬೈಟಿನಿಂದ (ಸೊನ್ನೆಯಿಂದ ಎಣಿಸಿ) ನಾಲ್ಕು ಬೈಟ್ ಬೂಟ್ ಕ್ಯಾಟಲಾಗಿನ ವಿಳಾಸ. ಕ್ಯಾಟಲಾಗಿನ ಎರಡನೇ ಎಂಟ್ರಿ ಹೆಕ್ಸ್ 88ರಿಂದ ಶುರುವಾದರೆ ಬೂಟ್ ಆಗುತ್ತದೆ. ಅದರ ಪಕ್ಕದ ಬೈಟ್ ಇಲ್ಲಿ 2 ಇತ್ತು, ಅಂದರೆ 1.44 ಎಂಬಿ ಫ್ಲಾಪಿ ಎಮ್ಯುಲೇಶನ್, ಸಿಡಿಯಲ್ಲಿರುವ ಫ್ಲಾಪಿ ಇಮೇಜಿನಿಂದ ಬೂಟ್ ಆಗುತ್ತದೆ. ಪಿಸಿಯೊಳಗೆ ಇನ್ನೊಂದು ಪಿಸಿಯನ್ನು ಅನುಕರಿಸುವ ಕ್ಯೂಇಎಂಯುನಲ್ಲಿ ಇಮೇಜ್ ಹಾಕಿದೆ. ಡಾಸ್ ಬಂತು, ಇನ್‌ಸ್ಟಾಲ್ ಮೆನು ಬಂತು. ಒಂದು ಸಿಡಿಯೂ ಹಾಳಾಗಲಿಲ್ಲ.

ನಡುವೆ ಒಂದು ಆಸೆ ಹುಟ್ಟಿತು: ಸಿಡಿ ಯಾಕೆ, ಪೆನ್ ಡ್ರೈವಿಗೇ ಹಾಕೋಣ ಅಂತ. ಇಮೇಜನ್ನು ನೇರ ಡಿಡಿ ಮಾಡಿದರೆ ಏನೂ ಆಗಲಿಲ್ಲ, ಆ ಕಾಲದ ಸಿಡಿಗಳಲ್ಲಿ ಎಂಬಿಆರ್ (ಡಿಸ್ಕಿನ ಮೊದಲಿನ ಬೂಟ್ ಸೆಕ್ಟರ್) ಇರಲ್ಲ. ಗೆಟ್‌ಎಲ್‌ಟೊರಿಟೊ ಸ್ಕ್ರಿಪ್ಟಿನಿಂದ ಫ್ಲಾಪಿ ಇಮೇಜ್ ಹೊರಗೆ ತೆಗೆದು, ಸಿಸ್‌ಲಿನಕ್ಸ್ (ಪೆನ್ ಡ್ರೈವಿನಿಂದ ಬೂಟ್ ಮಾಡಿಸುವುದು) ಜೊತೆ ಮೆಮ್‌ಡಿಸ್ಕ್ (ಫ್ಲಾಪಿ ಇಮೇಜನ್ನು ಮೆಮೊರಿಯಲ್ಲಿ ಓಡಿಸುವುದು) ಹಾಕಿ ನನ್ನ ಟೇಬಲ್ ಮೇಲಿನ ಪಿಸಿಯಲ್ಲಿ ಬೂಟ್ ಮಾಡಿದೆ. ಡಾಸ್ ಏನೋ ಬಂತು. ಆದರೆ ಸಿಡಿ ಡ್ರೈವರ್ ಲೋಡ್ ಆಗಿ ಸಿಡಿಯನ್ನೇ ಹುಡುಕುತ್ತದೆ, ಸಿಗಲ್ಲ. ಅರ್ಧ ದಿನ ಹೋಯಿತು, ಆದರೂ ಆ ಫ್ಲಾಪಿ ಇಮೇಜ್ ಇಟ್ಟುಕೊಂಡಿದ್ದೇನೆ, ಒಂದು ಉಪಯೋಗ ಇದೆ. ಅದು ಇನ್ನೊಂದು ಸಲ.

ದುಡ್ಡು ಉಳಿಸೋಣ ಅಂತ ಮೊದಲು ಅಳಿಸಿ ಮತ್ತೆ ಬರೆಯಬಹುದಾದ ಸಿಡಿ-ಆರ್‌ಡಬ್ಲ್ಯೂ ಮೇಲೆ ಬರ್ನ್ ಮಾಡಿ ವರ್ಕ್‌ಶಾಪಿಗೆ ಹೋದೆ. ಆ ಹಳೇ ಡ್ರೈವ್ ಅದನ್ನು ನೋಡಲೇ ಇಲ್ಲ. ಆರ್‌ಡಬ್ಲ್ಯೂ ಬೆಳಕನ್ನು ವಾಪಸ್ ಕೊಡುವುದು 20 ಪರ್ಸೆಂಟ್ ಆಸುಪಾಸು ಮಾತ್ರ, ತೊಂಬತ್ತರ ದಶಕದ ಡ್ರೈವುಗಳಿಗೆ ಅದು ಸಾಲದು. ಅಲ್ಲಿದ್ದ ಫಿಟ್ಟರ್ 'ಕಾಪಿ ಆಗಲ್ಲ ಅಂತ ನಾನು ಮೊದಲೇ ಹೇಳಿರ್ಲಿಲ್ವಾ ಅಣ್ಣಾ' ಅಂದ. ಮಾರನೇ ದಿನ 20 ರೂಪಾಯಿಯ ಸಿಡಿ-ಆರ್. ಸಿಡಿ ಬರ್ನ್ ಮಾಡುವ ವೋಡಿಮ್ ಕಮಾಂಡ್, ಮೈನಸ್ ಡಿಎಒ, ವೇಗ 8. ಡಿಸ್ಕ್-ಅಟ್-ಒನ್ಸ್ ಆದ್ದರಿಂದ ಕೊನೆಯ ಎರಡು ಬ್ಲಾಕಿನ ಕಾಟವೂ ಇಲ್ಲ. ಬರ್ನ್ ಆದ ಮೇಲೆ ಇಮೇಜಿನಷ್ಟೇ ಸೆಕ್ಟರ್ ಕೌಂಟ್ ಕೊಟ್ಟು ಡಿಡಿಯಿಂದ ಓದಿ ಎಂಡಿ5 (ಡೇಟಾದ ಬೆರಳಚ್ಚಿನಂಥ ಸಂಖ್ಯೆ) ತೆಗೆದೆ, ಇಮೇಜಿನದಕ್ಕೆ ಸರಿಹೊಂದಿತು. ಹಾರ್ಡ್ ಡಿಸ್ಕ್ ಜಾಗಕ್ಕೆ ಒಂದು ಸಿಎಫ್ ಮೆಮೊರಿ ಕಾರ್ಡ್ ಹಾಕಿ, ಸಿಡಿ ತೂರಿಸಿ ಆನ್ ಮಾಡಿದೆ. ಮುಕ್ಕಾಲು ಗಂಟೆಯಲ್ಲಿ ಇನ್‌ಸ್ಟಾಲ್ ಮುಗಿಯಿತು. ಫಿಟ್ಟರ್ ತಾನೇ ಮೊದಲ ಜಾಬ್ ಹಾಕಿ ಓಡಿಸಿದ.

ಎಲ್ಲಾ ಕಳೆದು ನನಗೆ ಉಳಿದದ್ದು 3 ಸಾವಿರದ ಮೇಲೆ, ಡ್ರೈವ್ ನನ್ನದೇ ಆಯಿತು. ವರ್ಕ್‌ಶಾಪಿಗೆ ಎರಡು ಸಿಡಿ, ಒಂದು ಪೆನ್ ಡ್ರೈವಿನಲ್ಲಿ ಇಮೇಜ್ ಕೊಟ್ಟೆ.

ಆಡಿಯೋ ಟ್ರ್ಯಾಕ್ ಸೇರಿರುವ ಡಿಸ್ಕಿಗೆ ಈ ದಾರಿ ನಡೆಯುವುದಿಲ್ಲ. ಅಲ್ಲಿ ಸೆಕ್ಟರ್ 2352 ಬೈಟ್, ಐಎಸ್ಒ ಇಮೇಜಿನಲ್ಲಿ ಹಿಡಿಯಲ್ಲ, ಇಡೀ ಡಿಸ್ಕನ್ನು ಟ್ರ್ಯಾಕ್ ಸಮೇತ ಕಾಪಿ ಮಾಡುವ ಸಿಡಿಆರ್‌ಡಿಎಒ ಬೇಕು. ಅಂಥದ್ದೊಂದು ಈಗ ಟೇಬಲ್ ಮೇಲಿದೆ.