ಲೇಬಲ್ಲಿಗೆ ಕಾಪಿರೈಟ್, ಹುರಿಯುವ ಹದಕ್ಕೆ ಬೀಗ

ಮಿಶ್ರಣ, ಹುರಿಯುವ ಕ್ರಮ, ಲೇಬಲ್, ರೋಸ್ಟರ್‌ಗೆ (ಹುರಿಯುವ ಯಂತ್ರಕ್ಕೆ) ಬರೆಸಿದ ಪ್ರೋಗ್ರಾಂ ಎಲ್ಲವನ್ನೂ ಒಂದು ಪುಸ್ತಕ ಮಾಡಿ ಕಾಪಿರೈಟ್ ಮಾಡಿಸಿಬಿಡಿ ಅನ್ನುವುದು ಚಿಕ್ಕಮಗಳೂರಿನಲ್ಲಿ ಕಾಫಿಪುಡಿ ಮಾಡುವ ನಮ್ಮವರ ಸಲಹೆಯಾಗಿತ್ತು. ಒಂದೊಂದನ್ನೇ ವಿಂಗಡಿಸಿ ಕೆಲವಕ್ಕೆ ನೋಂದಣಿ, ಕೆಲವಕ್ಕೆ ಬೀಗ, ಅಂದರೆ ಗುಟ್ಟಾಗಿಯೇ ಇಡೋಣ ಎಂದು ನಾನು ಹೇಳಿದಾಗ ಯಾರೂ ಒಪ್ಪಲಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಲೇಬಲ್ಲಿನ ತದ್ರೂಪು ಬೇರೆ ಪೊಟ್ಟಣದ ಮೇಲೆ ಬಂತು. ನೋಂದಣಿ ಪತ್ರ, ಹಕ್ಕು ವರ್ಗಾವಣೆಯ ಕರಾರು ಎರಡನ್ನೂ ಜೋಡಿಸಿ ನೋಟಿಸ್ ಕೊಟ್ಟ ಹದಿನೈದಿಪ್ಪತ್ತು ದಿನದಲ್ಲಿ ಆ ಪೊಟ್ಟಣ ಅಂಗಡಿಗಳಿಂದ ಇಳಿಯಿತು. ಒಳಗಿನ ಪುಡಿಯ ರುಚಿಯನ್ನಂತೂ ಅವರಿಗೆ ಹೊಂದಿಸಲು ಆಗಿರಲೇ ಇಲ್ಲ. ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ವಿಂಗಡಿಸಲು ಒಂದೇ ಪ್ರಶ್ನೆ ಸಾಕು: ಅರ್ಧ ಕೆಜಿ ಪೊಟ್ಟಣ ಕೊಂಡವನಿಗೆ ಅದರಿಂದಲೇ ಇದು ಗೊತ್ತಾಗುತ್ತದೆಯೇ? ಗೊತ್ತಾಗುವುದಾದರೆ ಅದನ್ನು ಗುಟ್ಟೆಂದು ಕಾಯುವುದು ದಂಡ. ಚಿಕೋರಿಯ ಪ್ರಮಾಣವನ್ನೇ ನೋಡಿ. ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಕಾಫಿ ಎಷ್ಟು ಚಿಕೋರಿ ಎಷ್ಟು ಎಂದು ಲೇಬಲ್ಲಿನಲ್ಲೇ ಅಚ್ಚು ಹಾಕಬೇಕು. ಆಮೇಲೆ ಅದರಲ್ಲಿ ಮುಚ್ಚಿಡಲು ಏನಿದೆ? ಅರೇಬಿಕಾ–ರೊಬಸ್ಟಾ ಎಂಬ ಎರಡು ಬಗೆ ಬೀಜಗಳ ಪಾಲು ಸಹ ನಾವಂದುಕೊಂಡಷ್ಟು ಭದ್ರವಲ್ಲ. ಅರೇಬಿಕಾದಲ್ಲಿ ಕೆಫೀನ್ ಶೇ. 1.2ರ ಆಸುಪಾಸು, ರೊಬಸ್ಟಾದಲ್ಲಿ 2.2ರ ಆಸುಪಾಸು, ಚಿಕೋರಿಯಲ್ಲಿ ಇಲ್ಲವೇ ಇಲ್ಲ. 70–30 ಬೆರೆಸಿದರೆ 1.5. ಅದಕ್ಕೆ ಶೇ. 30 ಚಿಕೋರಿ ಸೇರಿದರೆ 1.05. ಚಿಕೋರಿಯ ಅಂಕಿ ಲೇಬಲ್ಲಿನಲ್ಲೇ ಇರುವಾಗ ಉಳಿದದ್ದನ್ನು ಹಿಂದಕ್ಕೆ ಲೆಕ್ಕ ಹಾಕುವುದು ಕಷ್ಟವಲ್ಲ. ನಮ್ಮದೇ ಪುಡಿಯನ್ನು ಎರಡು ಸಲ ಲ್ಯಾಬಿಗೆ ಕೊಟ್ಟು ನೋಡಿದೆವು. ಮೂರು ಸಾವಿರದಷ್ಟು ಹೋಯಿತು, ಉತ್ತರ ನಾಲ್ಕೈದು ಶೇಕಡಾ ಆಚೀಚೆ ಬಂತು. ಆದರೆ ಯಾವ ಎತ್ತರದ ತೋಟದ್ದು, ಪಾರ್ಚ್‌ಮೆಂಟೋ (ಸಿಪ್ಪೆ ತೆಗೆದು ಒಣಗಿಸಿದ್ದು) ಚೆರ್ರಿಯೋ (ಹಣ್ಣಾಗಿಯೇ ಒಣಗಿಸಿದ್ದು), ಯಾವುದನ್ನು ಎಷ್ಟು ಹೊತ್ತು ಬೇರೆಯಾಗಿ ಹುರಿದದ್ದು, ಬೆರೆಸುವ ಮೊದಲು ಎಷ್ಟು ತಾಸು ಆರಲು ಬಿಟ್ಟದ್ದು, ಇದನ್ನು ಪುಡಿ ಹೇಳುವುದಿಲ್ಲ. ಬೀಗ ಇದಕ್ಕೆ.

ಹುರಿಯುವ ಕ್ರಮ ಬರೆದಿಟ್ಟ ಕೈಪಿಡಿಯನ್ನು ಕಾಪಿರೈಟ್ ಮಾಡಿಸುವ ತಪ್ಪನ್ನು ಮಾಡಬೇಡಿ. 1957ರ ಕಾಪಿರೈಟ್ ಕಾಯಿದೆ ಕಾಯುವುದು ಬರೆದ ವಾಕ್ಯಗಳನ್ನು, ವಿಧಾನವನ್ನಲ್ಲ. ನಿಮ್ಮ ಪುಸ್ತಕ ಓದಿ ಅದರಂತೆಯೇ ಹುರಿದವನು ಏನನ್ನೂ ಕದ್ದ ಹಾಗಾಗುವುದಿಲ್ಲ. ಮೇಲಾಗಿ ಅರ್ಜಿಯ ಜೊತೆ ಕೃತಿಯ ಪ್ರತಿಯನ್ನೂ ನೀವೇ ಒಪ್ಪಿಸುತ್ತೀರಿ. ನಮ್ಮ 22 ಪುಟದ ಕೈಪಿಡಿ ಅರ್ಜಿಗೆ ಸಿದ್ಧವಾಗಿ, ಆರೇಳು ಸಾವಿರ ಖರ್ಚಾದ ಮೇಲೆ ಕೊನೆ ಗಳಿಗೆಯಲ್ಲಿ ತಡೆದೆವು. ಆ ಹಣ ಹೋದದ್ದೇ ಒಳ್ಳೆಯದಾಯಿತು.

ಲೇಬಲ್ಲಿನ ವಿಷಯದಲ್ಲಿ ಎಲ್ಲರೂ ಎಡವುವುದು ಚಿತ್ರ ಬರೆದವರ ಹತ್ತಿರ. ದುಡ್ಡು ಕೊಟ್ಟ ಮಾತ್ರಕ್ಕೆ ಹೊರಗಿನ ಡಿಸೈನರ್ ಮಾಡಿದ ಲೇಬಲ್ ನಿಮ್ಮದಾಗುವುದಿಲ್ಲ. ಸಂಬಳದ ನೌಕರ ಕೆಲಸದ ಭಾಗವಾಗಿ ಮಾಡಿದ್ದರೆ ಮಾತ್ರ ಮಾಲೀಕನದ್ದು. ಹೊರಗಿನವರಾದರೆ ಬರಹದಲ್ಲಿ ಹಕ್ಕು ವರ್ಗಾವಣೆ ಬೇಕು, ಅದರಲ್ಲಿ ಅವಧಿ ಮತ್ತು ಪ್ರದೇಶ ಎರಡನ್ನೂ ಬರೆಯಲೇಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ವರ್ಷದೊಳಗೆ ಬಳಸದಿದ್ದರೆ ವರ್ಗಾವಣೆಯೇ ಬಿದ್ದುಹೋಗುತ್ತದೆ, ಹಾಗಾಗಬಾರದೆಂದು ಕರಾರಿನಲ್ಲೇ ಹೇಳಿರಬೇಕು. ನಮ್ಮ ಮೊದಲ ಕರಾರಿನಲ್ಲಿ ಈ ಮೂರೂ ಇರಲಿಲ್ಲ. ಮತ್ತೊಮ್ಮೆ ಬರೆಸುವಾಗ ಡಿಸೈನರ್ ಇನ್ನೂ ಐದು ಸಾವಿರ ಕೇಳಿದರು, ಕೊಟ್ಟೆವು. ಸರಕಿನ ಮೇಲೆ ಬಳಸುವ ಚಿತ್ರವಾದ್ದರಿಂದ ಅರ್ಜಿ ಶುಲ್ಕ 500 ಅಲ್ಲ, 2,000. ಅದಕ್ಕೂ ಮೊದಲು ಇಂಥದೇ ಗುರುತು ಬೇರೆಯವರ ಹೆಸರಿನಲ್ಲಿಲ್ಲ ಎಂದು ಟ್ರೇಡ್‌ಮಾರ್ಕ್ ಕಚೇರಿಯಿಂದ ಶೋಧ ಪ್ರಮಾಣಪತ್ರ ಬೇಕು, ಅದಕ್ಕೆ ಆನ್‌ಲೈನಿನಲ್ಲಿ ಒಂಬತ್ತು ಸಾವಿರ. ಡೈರಿ ನಂಬರ್ (ಅರ್ಜಿ ಸ್ವೀಕೃತಿಯ ಸಂಖ್ಯೆ) ಬಂದ ಮೇಲೆ ಆಕ್ಷೇಪಣೆಗೆ 30 ದಿನ ಕಾಯಬೇಕು. ಬ್ರ್ಯಾಂಡಿನ ಹೆಸರಿಗೆ ಕಾಪಿರೈಟ್ ಇಲ್ಲ, ಅದು ಟ್ರೇಡ್‌ಮಾರ್ಕಿನ ಬಾಬತ್ತು.

ಪ್ರೋಗ್ರಾಂ ಎರಡರ ನಡುವೆ ನಿಲ್ಲುತ್ತದೆ. ಡ್ರಮ್ಮಿನ ಥರ್ಮೋಕಪಲ್ (ಶಾಖ ಅಳೆಯುವ ಸಾಧನ) ಓದಿ ಗ್ಯಾಸ್ ಹೆಚ್ಚುಕಡಿಮೆ ಮಾಡುವ ಕೋಡ್‌ಗೆ ಸಾಹಿತ್ಯ ಕೃತಿಯಾಗಿ 500 ರೂಪಾಯಿಯಲ್ಲಿ ನೋಂದಣಿ ಆಗುತ್ತದೆ. 2021ರ ತಿದ್ದುಪಡಿಯ ನಂತರ ಮೊದಲ 10, ಕೊನೆಯ 10 ಪುಟ ಕೊಡಬೇಕು, ಒಂದು ಸಾಲನ್ನೂ ಕಪ್ಪು ಮಾಡುವಂತಿಲ್ಲ. ಒಟ್ಟು 20 ಪುಟಕ್ಕಿಂತ ಕಡಿಮೆಯಿದ್ದರೆ ಪೂರ್ತಿ ಕೊಡಬೇಕು. ನಮ್ಮದು ಹದಿನಾಲ್ಕು ಪುಟ, ಅದರಲ್ಲೇ ಹುರಿಯುವ ಉಷ್ಣಾಂಶಗಳೆಲ್ಲ ಕೂತಿದ್ದವು. ಅಂಕಿಗಳನ್ನು ತೆಗೆದು ಬೇರೆ ಫೈಲಿಗೆ ಹಾಕಿ, ಕೋಡ್ ಅದನ್ನು ಓದುವ ಹಾಗೆ ಮಾಡಿಸಿದೆವು. ಕೋಡ್ ನೋಂದಣಿಗೆ ಹೋಯಿತು, ಅಂಕಿಗಳು ಮನೆಯಲ್ಲೇ ಉಳಿದವು. ಆ ಫೈಲ್ ಇಂಥ ದಿನ ನಮ್ಮಲ್ಲಿತ್ತು ಎಂಬುದಕ್ಕೂ ಸಾಕ್ಷಿ ಬೇಕಲ್ಲ? ನಮಗೇ ನಾವು ರಿಜಿಸ್ಟರ್ಡ್ ಪೋಸ್ಟ್ ಹಾಕಿಕೊಂಡು ನೋಡಿದೆವು, ವಕೀಲರು ಅದಕ್ಕೆ ಬೆಲೆ ಕೊಡಲಿಲ್ಲ. ಈಗ ಫೈಲಿನ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಬೆರಳಚ್ಚಿನಂಥ ಗುರುತು, ತೆಗೆದು, ಆ 64 ಅಕ್ಷರಗಳನ್ನು ಮಾತ್ರ ಕರಾರಿನಲ್ಲಿ ಅಚ್ಚು ಹಾಕಿಸಿ ನೋಟರಿ ಮಾಡಿಸುತ್ತೇವೆ. ಒಳಗಿನದು ಯಾರಿಗೂ ಕಾಣುವುದಿಲ್ಲ. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ, ಆದ್ದರಿಂದ ಆ ಪ್ರತಿಯನ್ನು ಮುಟ್ಟದೆ ಎತ್ತಿಡಬೇಕು.

ಇನ್ನು ಗುಟ್ಟು. ವ್ಯಾಪಾರ ರಹಸ್ಯಕ್ಕೆ ನಮ್ಮಲ್ಲಿ ಪ್ರತ್ಯೇಕ ಕಾಯಿದೆ ಇಲ್ಲ. 2024ರ ಮಾರ್ಚಿನಲ್ಲಿ ಕಾನೂನು ಆಯೋಗದ 289ನೇ ವರದಿ ಒಂದು ಕರಡು ಕೊಟ್ಟಿತು, ಅಷ್ಟೆ. ಕರಾರೇ ಆಧಾರ. ಕೆಲಸ ಬಿಟ್ಟ ಮೇಲೆ ಎರಡು ವರ್ಷ ಬೇರೆ ಕಾಫಿಪುಡಿ ಘಟಕ ಸೇರಬಾರದು ಎಂದು ಬರೆಸುವುದು ಕಾಗದ ದಂಡ, 1872ರ ಕರಾರು ಕಾಯಿದೆಯ 27ನೇ ಕಲಮಿನ ಮುಂದೆ ಅದು ನಿಲ್ಲುವುದಿಲ್ಲ. ಗೌಪ್ಯತೆಯ ಷರತ್ತು ನಿಲ್ಲುತ್ತದೆ. "ಎಲ್ಲ ಮಾಹಿತಿ" ಎಂದು ಸಾರಾಸಗಟು ಬರೆಯದೆ "ಹುರಿಯುವ ಪಟ್ಟಿ ಸಂಖ್ಯೆ 3" ಎಂದು ಹೆಸರಿಸಿ, ಒಳಗಿನ ಅಂಕಿ ಬರೆಯಬೇಡಿ. ಕನ್ನಡದಲ್ಲೇ ಬರೆಸಿ, ಪ್ರತಿ ಪುಟಕ್ಕೂ ಸಹಿ ಹಾಕಿಸಿ.

ಸೋರುವ ಜಾಗಗಳು ಮಾತ್ರ ಬೇರೆಯೇ. ಗೋಡೆಗೆ ಅಂಟಿಸಿದ ಪಟ್ಟಿಯ ಫೋಟೋ ವಾಟ್ಸಾಪಿನಲ್ಲಿ ಹೋಗುತ್ತದೆ. ಅದಕ್ಕಿಂತ ದೊಡ್ಡದು ಬಿಲ್ಲು. ಯಾವ ದರ್ಜೆ ಎಷ್ಟು ಮೂಟೆ ಬಂತು ಎಂಬುದು ಬೀಜ ಕೊಂಡ ಬಿಲ್ಲಿನಲ್ಲೇ ಇರುತ್ತದೆ. ಆರು ತಿಂಗಳ ಬಿಲ್ಲು ಕೂಡಿಸಿದರೆ ಮಿಶ್ರಣ ಸಿಕ್ಕಿತು. ಇದಕ್ಕೆ ನಾವು ಬೇಕಿಲ್ಲದ ಒಂದು ದರ್ಜೆಯನ್ನೂ ಕೊಂಡು ಹಸಿಬೀಜವಾಗಿಯೇ ಮಾರುತ್ತೇವೆ. ಯಾವ ದರ್ಜೆ, ಎಷ್ಟು ಎಂದು ಇಲ್ಲಿ ಬರೆಯಲಾರೆ. ಮೂಟೆಗಳಿಗೆ ಬಣ್ಣದ ಗುರುತು ಹಾಕಿ ತೂಗುವವರು ಒಬ್ಬರು, ಹುರಿಯುವವರು ಇನ್ನೊಬ್ಬರು, ಬೆರೆಸುವವರು ಮತ್ತೊಬ್ಬರು. ಆಷಾಢದ ಮಳೆಯಲ್ಲಿ ಬೀಜ ತೇವ ಎಳೆದುಕೊಂಡಾಗ ಪಟ್ಟಿಯನ್ನು ಎಷ್ಟು ತಿದ್ದಬೇಕು ಎಂಬ ಹಾಳೆ ಮನೆಯವರ ಕೈಯಲ್ಲೇ ಇದೆ. ಹಳೆಯ ಪಟ್ಟಿ ಹೊರಗೆ ಹೋದರೂ ಆ ಹಾಳೆಯಿಲ್ಲದೆ ನಾಲ್ಕು ತಿಂಗಳು ಪುಡಿ ಕೆಡುತ್ತದೆ.

ನಮ್ಮ ಪುಡಿ ಕೊಳ್ಳುವ ಅಂಗಡಿಯವರ ವಿಳಾಸಪಟ್ಟಿಯಲ್ಲಿ ನೆಂಟರ ಮೂರು ವಿಳಾಸ ಸೇರಿಸಿಟ್ಟಿದ್ದೇವೆ, ಅಲ್ಲಿಗೆ ಬೇರೆಯವರ ದರಪಟ್ಟಿ ಬಂದರೆ ನಕಲಾಯಿತೆಂದು ಗೊತ್ತಾಗುತ್ತದೆ. ಒಟ್ಟು ಖರ್ಚು ಮೂವತ್ತೈದರಿಂದ ನಲವತ್ತು ಸಾವಿರ. ಇನ್ನೂ ಮುಚ್ಚದ ತೂತು ಒಂದೇ. ರೋಸ್ಟರ್ ಸರ್ವಿಸಿಗೆ ಬರುವವರು ಲ್ಯಾಪ್‌ಟಾಪ್ ಜೋಡಿಸಿದಾಗ ಯಂತ್ರದಲ್ಲಿ ಉಳಿದ ಹಿಂದಿನ ಹುರಿತದ ದಾಖಲೆ ಕಾಣುತ್ತದೆ. ಸದ್ಯಕ್ಕೆ ಸರ್ವಿಸಿನ ಹಿಂದಿನ ದಿನ ಅದನ್ನು ಅಳಿಸಿ, ಬೇರೆಯದೇ ಪಟ್ಟಿಯಲ್ಲಿ ಎರಡು ಘಾಣ ಹುರಿದಿಡುತ್ತಿದ್ದೇವೆ.