ಬ್ಯಾಕಪ್ ತೆಗೆದಿದ್ದೀರಿ ಸರಿ, ತೆರೆದು ನೋಡಿದ್ದೀರಾ?

ಶಿರಸಿ ಪೇಟೆಗೆ ಕೆಟ್ಟ ಕಂಪ್ಯೂಟರ್ ಹೊತ್ತು ತರುವವರು ಸಾಮಾನ್ಯವಾಗಿ ಹೇಳುವ ಮಾತು, "ಎಲ್ಲಾ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದೇನೆ." ಚುಚ್ಚಿ ನೋಡಿದರೆ ‘ಅಡಿಕೆ ಲೆಕ್ಕ’ ಅಂತ ಹೆಸರೇನೋ ಇದೆ, ಗಾತ್ರ ಬರೀ 2 ಕೆಬಿ. ಡೆಸ್ಕ್‌ಟಾಪಿನ ಶಾರ್ಟ್‌ಕಟ್ ಮಾತ್ರ ಕಾಪಿಯಾಗಿದೆ, ಲೆಕ್ಕ ಸತ್ತ ಡಿಸ್ಕ್‌ನಲ್ಲೇ ಉಳಿದಿದೆ. ಇನ್ನು ಕೆಲವರು ಸಿ ಡ್ರೈವ್‌ನಲ್ಲಿದ್ದದ್ದನ್ನು ಡಿ ಡ್ರೈವ್‌ಗೆ ಹಾಕಿ ನಿಶ್ಚಿಂತರಾಗಿರುತ್ತಾರೆ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅವೆರಡೂ ಒಂದೇ ಕಪಾಟಿನ ಎರಡು ಖಾನೆ. ಕಪಾಟು ಹೋದರೆ ಎರಡೂ ಹೋದವು.

ಮೊದಲು ಏನೇನು ಬೇಕು ಅಂತ ಪಟ್ಟಿ ಮಾಡಿ. ಫೋಟೋ, ಲೆಕ್ಕ, ಜಮೀನಿನ ಕಾಗದದ ಸ್ಕ್ಯಾನ್, ಯಕ್ಷಗಾನದ ವಿಡಿಯೋ. ಸಿನಿಮಾ ಬಿಡಿ.

ಆಮೇಲೆ 1 ಟಿಬಿಯ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಎರಡು ಕೊಳ್ಳಿ. ಸಾಮಾನ್ಯ ಮನೆಗೆ ಧಾರಾಳವಾಯಿತು. ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ ‘2 ಟಿಬಿ ಪೆನ್‌ಡ್ರೈವ್’ ಕಂಡರೆ ಮುಟ್ಟಬೇಡಿ. ಅವು ಗಾತ್ರವನ್ನು ಸುಳ್ಳೇ ತೋರಿಸುತ್ತವೆ. ಒಳಗಿನ ನಿಜವಾದ ಜಾಗ ತುಂಬಿದ ಮೇಲೂ ಕಾಪಿ ಆದಂತೆಯೇ ಕಾಣುತ್ತದೆ, ತೆರೆಯಲು ಹೋದಾಗಲೇ ಗೊತ್ತಾಗುವುದು.

ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ ಟೈಮ್ ಮೆಷಿನ್ ಆನ್ ಮಾಡಿ, ಡಿಸ್ಕ್ ಚುಚ್ಚಿದಾಗ ಇವೇ ಕಾಪಿ ತೆಗೆಯುತ್ತವೆ. ಫೈಲ್ ಹಿಸ್ಟರಿಗೆ ಡಿ ಡ್ರೈವ್‌ನ ಫೋಲ್ಡರ್ ತಾನಾಗಿ ಸೇರುವುದಿಲ್ಲ, ನೀವೇ ಸೇರಿಸಬೇಕು. ಟ್ಯಾಲಿ (ಲೆಕ್ಕ ಬರೆಯುವ ತಂತ್ರಾಂಶ) ಇದ್ದರೆ ಅದರೊಳಗಿನ ಬ್ಯಾಕಪ್ ಆಯ್ಕೆಯನ್ನೇ ಬಳಸಿ. ಕೆಲಸ ಮುಗಿದ ಕೂಡಲೇ ಡಿಸ್ಕ್ ಕಳಚಿಡಿ. ಚುಚ್ಚಿಯೇ ಇಟ್ಟರೆ ಸಿಡಿಲಿಗೆ ಕಂಪ್ಯೂಟರ್, ಡಿಸ್ಕ್ ಎರಡೂ ಒಟ್ಟಿಗೆ ಹೋಗಬಹುದು. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ಕಳ್ಳ ತಂತ್ರಾಂಶ) ಬಂದರಂತೂ ಚುಚ್ಚಿರುವ ಡಿಸ್ಕಿಗೂ ಬೀಗ ಹಾಕಿಬಿಡುತ್ತದೆ.

ಈಗ ಎಲ್ಲರೂ ಬಿಟ್ಟುಬಿಡುವ ಹಂತ: ವಾಪಸ್ ತೆಗೆದು ನೋಡುವುದು. ಇದಕ್ಕೆ ಒಂದು ಸಂಜೆ ಮೀಸಲಿಡಿ. ಡಿಸ್ಕನ್ನು ನಿಮ್ಮ ಕಂಪ್ಯೂಟರಿಗಲ್ಲ, ಅಣ್ಣನದ್ದೋ ಪಕ್ಕದ ಮನೆಯದ್ದೋ ಕಂಪ್ಯೂಟರಿಗೆ ಚುಚ್ಚಿ. ಅಲ್ಲಿ ಹೊಸ ಫೋಲ್ಡರ್ ಮಾಡಿ ಅದಕ್ಕೆ ಕಾಪಿ ಮಾಡಿ. ಮೂಲದ ಮೇಲೆಯೇ ರಿಸ್ಟೋರ್ ಕೊಡಲೇಬೇಡಿ. ಟ್ಯಾಲಿಯಲ್ಲಿ ಹಾಗೆ ಮಾಡಿದರೆ ನಿನ್ನೆಯ ಲೆಕ್ಕದ ಮೇಲೆ ಹಳೇ ಲೆಕ್ಕ ಬಂದು ಕೂರುತ್ತದೆ. ಹೆಸರು ನೋಡಿ ಸುಮ್ನೆ ಆಗಬೇಡಿ, ತೆರೆಯಿರಿ. ತೀರಾ ಹಳೆಯ ಫೋಟೋ ಒಂದು, ಮೊನ್ನೆ ತೆಗೆದದ್ದು ಒಂದು. ವಿಡಿಯೋವನ್ನು ಕೊನೆಯವರೆಗೆ ಎಳೆದು ನೋಡಿ, ಅರ್ಧಕ್ಕೇ ನಿಂತ ಕಾಪಿ ಅಲ್ಲೇ ಸಿಕ್ಕಿಬೀಳುತ್ತದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲುಗಳ ಸಂಖ್ಯೆಯನ್ನು ಮೂಲದ ಜೊತೆ ತಾಳೆ ಹಾಕಿ.

ನಮ್ಮವರಿಗೆ ಇನ್ನೊಂದು ತೊಡಕು ಇದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಸಂಘದ ಠರಾವು, ಪತ್ರಗಳು ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಫೈಲ್ ಕೆಟ್ಟಿದೆ ಅಂತ ಡಿಲೀಟ್ ಮಾಡಿದವರಿದ್ದಾರೆ! ಫೈಲ್ ಸರಿಯಾಗೇ ಇರುತ್ತದೆ, ಯುನಿಕೋಡ್ ಅಲ್ಲದ ಆ ಫಾಂಟ್ ಅಲ್ಲಿಲ್ಲ ಅಷ್ಟೇ. ಹಾಗಾಗಿ ಆ ಫಾಂಟ್‌ಗಳನ್ನೂ ಅದೇ ಡಿಸ್ಕ್‌ನಲ್ಲಿಡಿ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ, ಆ ಬೀಗ ತೆರೆಯುವ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ.

ಎರಡನೇ ಡಿಸ್ಕ್ ಬೇರೆ ಊರಿನಲ್ಲಿರಲಿ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ದೂರ ಎಂಬ 3-2-1 ನಿಯಮದಲ್ಲಿ ನನ್ನ ಪ್ರಕಾರ ಈ ‘ದೂರ’ವೇ ಮುಖ್ಯ. 2019ರ ಆಗಸ್ಟ್‌ನಲ್ಲಿ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಮನೆಗಳೊಳಗೇ ಹೊಳೆ ನುಗ್ಗಿತು. ಅಂಥ ದಿನ ಅಟ್ಟದ ಮೇಲಿನ ಡಿಸ್ಕ್ ನೆನಪಾಗುವುದಿಲ್ಲ, ಅಲ್ವಾ? ಕಾರವಾರದವರು ಘಟ್ಟದ ಮೇಲಿನ ನೆಂಟರ ಮನೆಯಲ್ಲಿಡಿ, ಶಿರಸಿಯವರು ಕುಮಟೆಯಲ್ಲಿ. ಗಾಳಿಯಾಡದ ಡಬ್ಬಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಕರಾವಳಿಯ ಉಪ್ಪುಗಾಳಿಗೆ ಯುಎಸ್‌ಬಿ ಪಿನ್ ಬೇಗ ತುಕ್ಕು ಹಿಡಿಯುತ್ತದೆ.

ಮೂರು ಪ್ರತಿ ಅಂದರೆ ಕಂಪ್ಯೂಟರಿನದ್ದು, ಈ ಎರಡು ಡಿಸ್ಕ್‌ಗಳದ್ದು. ಎರಡನೇ ಬಗೆಯ ಸಾಧನ ಬೇಕಲ್ಲ, ಅತಿ ಮುಖ್ಯ ಕಾಗದಗಳಿಗೆ ಗೂಗಲ್ ಖಾತೆಯ ಉಚಿತ 15 ಜಿಬಿ ಸಾಕು. ಆದರೆ ಸಿಂಕ್ ಆಗುವ, ಅಂದರೆ ಕಂಪ್ಯೂಟರಿನಲ್ಲೂ ಇಂಟರ್ನೆಟ್ಟಿನಲ್ಲೂ ತಾನಾಗಿ ಒಂದೇ ಥರ ಇರುವ ಫೋಲ್ಡರನ್ನು ಬ್ಯಾಕಪ್ ಅಂತ ನಂಬಬೇಡಿ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಗೂಗಲ್ ಡ್ರೈವ್‌ನ ಕಸದಬುಟ್ಟಿ 30 ದಿನಕ್ಕೆ ಖಾಲಿಯಾಗುತ್ತದೆ.

ಲೆಕ್ಕ ಬರೆಯುವವರು ವಾರಕ್ಕೊಮ್ಮೆ, ಉಳಿದವರು ತಿಂಗಳಿಗೊಮ್ಮೆ ಕಾಪಿ ಮಾಡಿ. ದೂರದ ಡಿಸ್ಕನ್ನು ಹಬ್ಬಕ್ಕೆ ಹೋದಾಗ ಅದಲು ಬದಲು ಮಾಡಿಕೊಂಡು ಬನ್ನಿ.