ಮಸ್ಕತ್ತಿನ ಶುಕ್ರವಾರ, ದುರ್ಗದ ಶನಿವಾರ

ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಮಸ್ಕತ್ತಿನ ಭಾರತೀಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸಲು ಹೋದ ಹೊಸದರಲ್ಲಿ ಆ ಎರಡು ದಿನ ಕಳೆಯುವುದೇ ನನಗೆ ಕಷ್ಟವಾಗಿತ್ತು. ಬಟ್ಟೆ ಒಗೆದು, ನೋಟ್‌ಬುಕ್ ತಿದ್ದಿ, ಅವ್ವನಿಗೆ ಫೋನ್ ಮಾಡಿ ಮುಗಿಸಿದರೂ ಗಂಟೆ ಹನ್ನೊಂದು ದಾಟಿರುತ್ತಿರಲಿಲ್ಲ. ಕಿಟಕಿಯಾಚೆ ಒಂದೂ ಮರವಿಲ್ಲದ ಕಂದು ಬೆಟ್ಟ. ಚಿತ್ರದುರ್ಗದಲ್ಲಿ ಹುಟ್ಟಿ, ರಜೆ ಬಂದರೆ ಕೋಟೆ ಗುಡ್ಡದ ಮೇಲೇ ಇರುತ್ತಿದ್ದವಳು ಬೆಟ್ಟ ನೋಡಿಕೊಂಡು ಎಷ್ಟು ದಿನ ಸುಮ್ಮನೆ ಕೂತಾಳು? ನಮ್ಮ ಶಾಲೆಯಲ್ಲೇ ಇದ್ದ ಕೇರಳದ ಟೀಚರೊಬ್ಬರು ಮತ್ತು ಅವರ ಯಜಮಾನರು ಪ್ರತಿ ಚಳಿಗಾಲ ಬೆಟ್ಟ ಸುತ್ತುವವರು. ಅವರ ಗಾಡಿಯಲ್ಲಿ ನನಗೂ ಒಂದು ಸೀಟು ಸಿಕ್ಕಿತು. ಆಮೇಲಿನ ನಾಲ್ಕು ವರ್ಷ ಅಕ್ಟೋಬರಿನಿಂದ ಮಾರ್ಚ್‌ವರೆಗೆ ನಾನು ಮನೆಯಲ್ಲಿ ಕಳೆದ ಶುಕ್ರವಾರಗಳು ತೀರಾ ಕಡಿಮೆ.

ಮೊದಲು ಹೋದದ್ದು ಜಬಲ್ ಶಮ್ಸ್‌ಗೆ. ಸೂರ್ಯನ ಬೆಟ್ಟ ಎಂದು ಅರ್ಥ. ಸುಮಾರು 3,000 ಮೀಟರ್ ಎತ್ತರ, ಒಮಾನಿನಲ್ಲೇ ಎಲ್ಲಕ್ಕಿಂತ ದೊಡ್ಡದು. ನಾವು ತುದಿಗೆ ಹತ್ತಲಿಲ್ಲ, ವಾದಿ ಗೂಲ್ ಕಮರಿಯ ಅಂಚಿನಲ್ಲೇ ಸಾಗುವ ಕಾಲುದಾರಿ ಹಿಡಿದೆವು. ಒಂದು ಕೈಗೆ ಗೋಡೆಯಂಥ ಬಂಡೆ, ಇನ್ನೊಂದು ಪಕ್ಕ ಸುಮಾರು ಒಂದು ಕಿಲೋಮೀಟರ್ ಆಳ. ಕಲ್ಲುಗಳ ಮೇಲೆ ಹಳದಿ, ಬಿಳಿ, ಕೆಂಪು ಪಟ್ಟಿ ಬಳಿದಿರುತ್ತಾರೆ. ಒಂದು ಪಟ್ಟಿ ಬಿಟ್ಟು ಇನ್ನೊಂದು ಕಾಣುವ ತನಕ ಮುಂದೆ ಹೆಜ್ಜೆ ಇಡಬಾರದು ಎಂದು ಆ ಟೀಚರ್ ಮೊದಲೇ ಹೇಳಿದ್ದರು.

ದುರ್ಗದ ಬಂಡೆ ಹತ್ತಿದವಳು ಎಂಬ ಧೈರ್ಯ ನನಗಿತ್ತು. ಆ ಧೈರ್ಯವೇ ತಪ್ಪಾಯಿತು. ನಮ್ಮ ಬಂಡೆ ಒರಟು, ಬರಿಗಾಲಿಟ್ಟರೂ ಕಾಲನ್ನು ಹಿಡಿದುಕೊಳ್ಳುತ್ತದೆ. ಅಲ್ಲಿಯದು ಸುಣ್ಣಕಲ್ಲು. ಅಂಚು ಚೂಪು, ಮೇಲೆಲ್ಲ ಸಣ್ಣ ಜಲ್ಲಿ, ಕಾಲಡಿ ಉರುಳುತ್ತದೆ. ಅಡಿ ಸವೆದ ಶೂ ಹಾಕಿಕೊಂಡು, ಒಂದೇ ಲೀಟರ್ ನೀರು ಹಿಡಿದು ಹೋಗಿದ್ದೆ. ಎರಡು ಸಲ ಜಾರಿ ಕೂತೆ. ಬರುವಾಗ ಬಾಟಲಿ ಖಾಲಿ, ತಲೆ ಸಿಡಿಯುತ್ತಿತ್ತು. ಅಂದಿನಿಂದ ತಲೆಗೆ ಮೂರು ಲೀಟರಿಗೆ ಕಡಿಮೆ ನೀರು ಒಯ್ದಿಲ್ಲ. ಅರ್ಧ ನೀರು ಮುಗಿದ ಜಾಗದಲ್ಲೇ ವಾಪಸ್, ಮುಂದೆ ಏನೇ ಇರಲಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ. ಬಿಸಿಲಿಗೆ ಹಳಸದ ಊಟ ನನಗೆ ಗೊತ್ತಿದ್ದದ್ದು ಅದೇ.

ಆ ದಾರಿಯ ಕೊನೆಗೆ ಜನ ಬಿಟ್ಟುಹೋದ ಒಂದು ಹಳ್ಳಿ. ಚಾಚಿಕೊಂಡ ಬಂಡೆಯ ಕೆಳಗೆ ಕಲ್ಲು ಪೇರಿಸಿ ಕಟ್ಟಿದ ಮನೆಗಳು, ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಂಗೈಯಗಲದ ಹೊಲಗಳು. ಇಂಥ ಜಾಗದಲ್ಲಿ ಹೊಲಕ್ಕೆ ನೀರೆಲ್ಲಿಂದ ಬಂತು? ಆ ಪ್ರಶ್ನೆ ಹೊತ್ತುಕೊಂಡೇ ಮಸ್ಕತ್ತಿಗೆ ಮರಳಿದೆ. ಆಮೇಲೆ ನಾನು ಸುತ್ತಿದ್ದೆಲ್ಲ ನೀರಿನ ಬೆನ್ನು ಹಿಡಿದೇ.

ನಿಜ್ವಾ ಪಟ್ಟಣದ ಹತ್ತಿರ ಫಲಜ್ ದಾರಿಸ್ ಇದೆ. ಬೆಟ್ಟದ ಬುಡದ ನೆಲದಡಿಯ ನೀರನ್ನು ಇಳಿಜಾರಿನ ಬಲದಿಂದಲೇ ಊರಿಗೆ ಹರಿಸುವ ಕಾಲುವೆಗೆ ಫಲಜ್ ಎನ್ನುತ್ತಾರೆ. ಪಂಪು ಇಲ್ಲ, ಯಂತ್ರ ಇಲ್ಲ. ಇಂಥ ಐದು ಕಾಲುವೆಗಳನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ದಾರಿಸ್ ಅವುಗಳಲ್ಲಿ ಒಂದು. ನೀರು ಮೊದಲು ಕುಡಿಯಲು, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಕೊನೆಗೆ ಖರ್ಜೂರದ ತೋಟಗಳಿಗೆ. ತೋಟದವರಿಗೆ ಪಾಲು ಹೊತ್ತಿನ ಲೆಕ್ಕದಲ್ಲಿ. ಅರ್ಧ ಗಂಟೆಯ ಪಾಲಿಗೆ ಅಥರ್ ಎಂದು ಹೆಸರು. ಹಿಂದೆ ಹಗಲು ನೆಟ್ಟ ಕೋಲಿನ ನೆರಳು, ರಾತ್ರಿ ನಕ್ಷತ್ರ ನೋಡಿ ಪಾಲು ಅಳೆಯುತ್ತಿದ್ದರಂತೆ. ಇದನ್ನು ನೋಡಿಕೊಳ್ಳಲು ಊರಿನವರೇ ನೇಮಿಸಿದ ಒಬ್ಬ ವಕೀಲ್ ಇರುತ್ತಾನೆ. ಆ ರಾತ್ರಿ ಫೋನಿನಲ್ಲಿ ಅವ್ವನಿಗೆ ಎಲ್ಲ ಹೇಳಿದೆ. ಕೆರೆ ಕೆಳಗಿನ ಗದ್ದೆಯವರ ಮಗಳು ಅವಳು.

"ಹಂಗಾರೆ ಅಲ್ಲೂ ನೀರುಗಂಟಿ ಅವ್ನೆ ಅನ್ನು," ಎಂದಳು.

ಒಂದು ಪಾಠದಷ್ಟು ಉದ್ದ ನಾನು ವಿವರಿಸಿದ್ದನ್ನು ಅವ್ವ ಒಂದೇ ಮಾತಿನಲ್ಲಿ ಮುಗಿಸಿದ್ದಳು.

ವಾದಿ ಎಂದರೆ ನಮ್ಮ ಒಣ ಹಳ್ಳ. ವರ್ಷದ ಬಹುಪಾಲು ಬರೀ ಕಲ್ಲು, ಮರಳು. ಎರಡನೇ ವರ್ಷ ಒಂದು ಶನಿವಾರ ಅಂಥದೇ ಒಂದರಲ್ಲಿ ಊಟಕ್ಕೆ ಕೂತಿದ್ದೆವು. ನೆತ್ತಿಯ ಮೇಲೆ ನೀಲಿ ಆಕಾಶ, ದೂರದ ಬೆಟ್ಟದ ತಲೆಯಲ್ಲಿ ಮಾತ್ರ ಕಪ್ಪು ಮೋಡ. ಮೇಕೆ ಹೊಡೆದುಕೊಂಡು ಹೊರಟಿದ್ದ ಒಬ್ಬ ಮುದುಕ ದಂಡೆಯಿಂದ ಕೈ ಬೀಸಿ ಕೂಗಿದ: "ವಾದಿ ಜಾಯ್! ವಾದಿ ಜಾಯ್!" ವಾದಿ ಬರುತ್ತಿದೆ ಅಂತ. ನಮ್ಮಲ್ಲೂ ಹಾಗೇ ಅಲ್ಲವೇ? ನೀರು ಬಂತು ಅನ್ನುವುದಿಲ್ಲ, "ಹಳ್ಳ ಬಂತು" ಅನ್ನುತ್ತೇವೆ. ಆ ಮಾತು ಕಿವಿಗೆ ಬಿದ್ದದ್ದೇ ಬುತ್ತಿ ಅಲ್ಲೇ ಬಿಟ್ಟು ದಂಡೆ ಹತ್ತಿದೆ.

ಅರ್ಧ ಗಂಟೆಯೂ ಆಗಿರಲಿಲ್ಲ. ಮೊದಲು ಸದ್ದು, ಜಲ್ಲಿ ಲಾರಿ ಸುರಿದಂತೆ. ಆಮೇಲೆ ಹಸಿ ಮಣ್ಣಿನ ವಾಸನೆ. ಮೊದಲ ನೀರು ಅಲೆಯಾಗಿ ಬರಲಿಲ್ಲ, ಕಂದು ನಾಲಿಗೆಯಂತೆ ಮರಳು ನೆಕ್ಕುತ್ತ ಬಂತು. ಅದರ ತುದಿಯಲ್ಲಿ ಮೇಕೆಯ ಹಿಕ್ಕೆ, ಒಣ ಕಡ್ಡಿ, ಒಂದು ಹವಾಯಿ ಚಪ್ಪಲಿ. ಅದರ ಹಿಂದೆಯೇ ಮೊಣಕಾಲುದ್ದ, ನೋಡುನೋಡುತ್ತ ಎದೆಯುದ್ದ. ನಾವು ಕೂತಿದ್ದ ಕಲ್ಲು ಮುಳುಗಿತು. ಮುದುಕ ನಮಗೆ ಬೈಯಲಿಲ್ಲ. ಗಂಟು ಬಿಚ್ಚಿ ಖರ್ಜೂರ ಕೊಟ್ಟ, ನನ್ನನ್ನು "ಉಖ್ತಿ", ತಂಗೀ ಎಂದು ಕರೆದು, ಬೆಟ್ಟದ ತಲೆ ತೋರಿಸಿ, ತನ್ನ ಕಣ್ಣು ತೋರಿಸಿದ. ಹಳ್ಳದೊಳಗೆ ಇಳಿಯುವವರು ತಮ್ಮ ತಲೆ ಮೇಲಿನ ಆಕಾಶವನ್ನಲ್ಲ, ಆ ಹಳ್ಳ ಹುಟ್ಟುವ ಕಡೆಯ ಆಕಾಶ ನೋಡಬೇಕು. ನಾನು ಊರಿಗೆ ಮರಳಿದ ಮೇಲೆ, 2024ರ ಏಪ್ರಿಲ್‌ನಲ್ಲಿ, ಒಮಾನಿನ ಸಮದ್ ಅಲ್ ಶಾನ್‌ನಲ್ಲಿ ಶಾಲಾ ಮಕ್ಕಳಿದ್ದ ಗಾಡಿ ಇಂಥ ನೀರಿಗೆ ಸಿಕ್ಕಿ ಮಕ್ಕಳು ಸತ್ತ ಸುದ್ದಿ ಓದಿದೆ. ಅವತ್ತು ನನಗೆ ಪಾಠ ಮಾಡಲು ಆಗಲಿಲ್ಲ.

ಬೇರೆ ಜಾಗಗಳೂ ಇವೆ. ವಾದಿ ಶಾಬ್‌ನ ಹಸಿರು ಮಡುಗಳಲ್ಲಿ ಈಜಿ ಗುಹೆಯೊಳಗಿನ ಜಲಪಾತ ನೋಡಬಹುದು, ಈಜು ಬರದಿದ್ದರೆ ಲೈಫ್ ಜಾಕೆಟ್ ಬೇಕೇ ಬೇಕು. ನಿಜ್ವಾ ಕೋಟೆಯಲ್ಲಿ ಬಾಗಿಲ ಮೇಲೊಂದು ಕಂಡಿ ಇದೆ. ನುಗ್ಗಿ ಬಂದ ಶತ್ರುವಿನ ತಲೆಗೆ ಕುದಿಯುವ ಖರ್ಜೂರದ ಪಾಕ ಸುರಿಯಲು. ಅದರ ಕೆಳಗೆ ನಿಂತಾಗ ನನ್ನ ಮನಸ್ಸು ಓಬವ್ವನ ಕಿಂಡಿಗೇ ಹೋಗಿತ್ತು. ಅವಳು ಅವತ್ತು ಗಂಡನ ಊಟಕ್ಕೆ ನೀರು ತರಲು ಹೋಗಿದ್ದಳು ಎಂಬುದನ್ನು ನಾವೆಲ್ಲ ಕಥೆಯಾಗಿ ಕೇಳಿದ್ದೇವೆ. ಆ ನೀರು ಗುಡ್ಡದ ಮೇಲೆ ಹೇಗೆ ನಿಂತಿತ್ತು ಎಂದು ನಾನು ಊರಲ್ಲಿದ್ದಾಗ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಈಗ ದುರ್ಗದಲ್ಲೇ ಪಾಠ ಮಾಡುತ್ತಿದ್ದೇನೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಮನೆಯವರ ಒಪ್ಪಿಗೆ ಚೀಟಿ ತಂದ ಹದಿನೈದು ಮಕ್ಕಳನ್ನು ಕೋಟೆಗೆ ಕರೆದೊಯ್ಯುತ್ತೇನೆ. ಹದಿನೈದಕ್ಕಿಂತ ಹೆಚ್ಚು ಮಕ್ಕಳನ್ನು ಒಬ್ಬಳೇ ನೋಡಿಕೊಳ್ಳಲಾಗದು. ನಮ್ಮ ನಡಿಗೆ ನೀರಿನ ದಾರಿಯಲ್ಲೇ: ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿ ಹರಿದರೆ ಅಕ್ಕ-ತಂಗಿ ಹೊಂಡ, ಅಲ್ಲಿಂದ ಕೆಳಗೆ ಊರಿನ ಸಂತೆ ಹೊಂಡದ ಕಡೆಗೆ. ಪ್ರತಿ ಸಲ ಅಕ್ಕ-ತಂಗಿ ಹೊಂಡದ ದಂಡೆಯಲ್ಲಿ ಕೂತು, ನೀರಿನ ಮೇಲೆ ಕಾಣುವ ಮೆಟ್ಟಿಲು ಎಣಿಸಿ, ತಾರೀಕು ಹಾಕಿ ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ.

ಕಳೆದ ವರ್ಷ ಉತ್ತರೆ ಮಳೆಯ ತುಂತುರಿನಲ್ಲಿ ಬಂಡೆಯ ಚಡಿಯಲ್ಲಿ ದಾರದಷ್ಟು ನೀರು ಇಳಿಯತೊಡಗಿತು. ಇರುವೆ ಮೊಟ್ಟೆ, ಒಂದು ಒಣ ಎಲೆ ಹೊತ್ತು ತಂದಿತ್ತು. ಚಳ್ಳಕೆರೆ ಕಡೆಯ ಒಬ್ಬ ಹುಡುಗಿ ಅದಕ್ಕೆ ಬೆರಳು ಅಡ್ಡ ಇಟ್ಟು ನೋಡಿದಳು. ನೀರು ಬೆರಳು ಬಳಸಿ ಮುಂದೆ ಹೋಯಿತು. "ಮಿಸ್, ಇದು ಹೊಂಡಕ್ಕೆ ಸೇರೋದು ಯಾವಾಗ?" ಎಂದಳು. ಎಲ್ಲರೂ ಆ ಎಲೆಯ ಜೊತೆ ಜೊತೆಗೇ ಕೆಳಗಿಳಿದೆವು. ನಲವತ್ತು ನಿಮಿಷ ಹಿಡಿಯಿತು.